ಗುಜರಿ ಎಂಜಿನ್‌ನ ಗ್ರ್ಯಾನ್ ಪ್ರಿ

ಗ್ರ್ಯಾನ್ ಪ್ರಿ ಎಂದೊಡನೆ ಈಗ ಫಾರ್ಮುಲಾ ಒನ್ ನೆನಪಾಗುತ್ತದೆ. 1950ರ ದಶಕದಲ್ಲಿ ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಲ್ಲಿ ಅದೇ ಹೆಸರಿನ ಸ್ಥಳೀಯ ಪಂದ್ಯಗಳು ನಡೆಯುತ್ತಿದ್ದವು. ವಿಶ್ವ ಚಾಂಪಿಯನ್‌ಷಿಪ್‌ಗೂ ಅವಕ್ಕೂ ಸಂಬಂಧವಿರಲಿಲ್ಲ. ಎಂಜಿನ್ ಇಷ್ಟೇ ದೊಡ್ಡದಿರಬೇಕೆಂಬ ಕಟ್ಟೂ ಇರಲಿಲ್ಲ. ಯುರೋಪಿನಿಂದ ರೇಸ್ ಕಾರು ತರಿಸುವ ಶಕ್ತಿ ಕೆಲವರಿಗಷ್ಟೇ ಇತ್ತು. ಉಳಿದವರು ಸಿಕ್ಕ ಬಿಡಿಭಾಗಗಳನ್ನು ಸೇರಿಸಿ ತಮ್ಮ ಕಾರನ್ನು ತಾವೇ ಕಟ್ಟಿಕೊಂಡರು. ಅಂಥವನ್ನು ಅಲ್ಲಿ ‘ಸ್ಪೆಷಲ್’ ಎನ್ನುತ್ತಿದ್ದರು.

ಮೆಲ್ಬರ್ನ್‌ನ ಎಂಜಿನಿಯರ್ ಚಾರ್ಲಿ ಡೀನ್ ಕಟ್ಟಿದ ಮೇಬ್ಯಾಕ್ ಸ್ಪೆಷಲ್ ಅವುಗಳಲ್ಲೊಂದು. ಜರ್ಮನಿಯ ಮೇಬ್ಯಾಕ್ ಕಂಪನಿ ಜೆಪ್ಪೆಲಿನ್ ವಾಯುನೌಕೆಗಳಿಗೆ ಎಂಜಿನ್ ಮಾಡಿ ಹೆಸರಾದದ್ದು. ಎರಡನೆಯ ಮಹಾಯುದ್ಧದಲ್ಲಿ ಅದರ ಎಂಜಿನ್‌ಗಳು ಸೇನಾ ವಾಹನಗಳಿಗೂ ಹೋದವು. ಉತ್ತರ ಆಫ್ರಿಕಾದಲ್ಲಿ ಸೆರೆಸಿಕ್ಕ ಅಂಥ ಒಂದು ವಾಹನದ್ದು 3.8 ಲೀಟರ್, ಆರು ಸಿಲಿಂಡರ್ ಎಂಜಿನ್. ಅದು ಯುದ್ಧ ಮುಗಿದ ಮೇಲೆ ಗುಜರಿಯಿಂದ ಡೀನ್ ಕೈಸೇರಿತು.

ಭಾರ ಎಳೆಯಲು ಮಾಡಿದ ಎಂಜಿನ್ ಓಟಕ್ಕೆ ಹೇಗೆ ಒಗ್ಗಿತು? ಅದು ಕಡಿಮೆ ಆರ್‌ಪಿಎಂನಲ್ಲೇ ಗಟ್ಟಿಯಾಗಿ ಎಳೆಯುತ್ತಿತ್ತು. ತಿರುವು ದಾಟಿ ವೇಗ ಹಿಡಿಯುವಾಗ ಬೇಕಾಗುವುದು ಇದೇ ಗುಣ. ಡೀನ್ ಬಳಿಕ ರೆಪ್ಕೊ ಎಂಬ ಬಿಡಿಭಾಗಗಳ ಕಂಪನಿ ಸೇರಿದ್ದರಿಂದ ಕಾರಿಗೆ ಒಳ್ಳೆಯ ವರ್ಕ್‌ಷಾಪಿನ ಆಸರೆಯೂ ದೊರೆಯಿತು. ಕಾರನ್ನು ಕೊಂಡ ಸ್ಟಾನ್ ಜೋನ್ಸ್ ಅದರ ಚಾಲಕನಾದ.

1954ರ ಜನವರಿಯಲ್ಲಿ ಆಕ್ಲೆಂಡ್ ಬಳಿಯ ಆರ್ಡ್‌ಮೋರ್ ವಿಮಾನ ನಿಲ್ದಾಣದಲ್ಲಿ ನ್ಯೂಜಿಲೆಂಡ್ ಗ್ರ್ಯಾನ್ ಪ್ರಿ ನಡೆಯಿತು. ಬ್ರಿಟನ್ನಿನಿಂದ 16 ಸಿಲಿಂಡರ್‌ಗಳ ಬಿಆರ್‌ಎಂ ಕಾರು ಬಂದಿತ್ತು, ಫೆರಾರಿಯೂ ಇತ್ತು. ಅಭ್ಯಾಸದ ವೇಳೆಯೇ ಮೇಬ್ಯಾಕ್ ಎಂಜಿನ್ ಕೈಕೊಟ್ಟಿತು. ಮೆಕ್ಯಾನಿಕ್‌ಗಳು ಇರುಳಿಡೀ ಕೂತು, ಊರಲ್ಲಿ ಸಿಕ್ಕ ಭಾಗಗಳನ್ನೇ ಹೊಂದಿಸಿ ಅದನ್ನು ಎದ್ದು ನಿಲ್ಲಿಸಿದರು. ಮರುದಿನ ಬಿಆರ್‌ಎಂ ಬ್ರೇಕ್ ತೊಂದರೆಯಿಂದ ಹಿಂದೆ ಬಿತ್ತು. ಸುತ್ತುಗಳ ಲೆಕ್ಕದಲ್ಲಿ ತಕರಾರೆದ್ದರೂ ಗೆಲುವು ಜೋನ್ಸ್‌ನದೇ ಆಯಿತು.

ಎಲ್ಲವೂ ಹೀಗೇ ಸಾಗಲಿಲ್ಲ. ಅದೇ ವರ್ಷ ಸೌತ್‌ಪೋರ್ಟ್‌ನ ಆಸ್ಟ್ರೇಲಿಯನ್ ಗ್ರ್ಯಾನ್ ಪ್ರಿಯಲ್ಲಿ, ಹೊಸದಾಗಿ ಕಟ್ಟಿದ ಎರಡನೆಯ ಮೇಬ್ಯಾಕ್‌ನ ಚಾಸಿಯ ವೆಲ್ಡಿಂಗ್ ಬಿಟ್ಟುಕೊಂಡು ಕಾರು ರಸ್ತೆ ಬಿಟ್ಟು ಮರಗಳತ್ತ ನುಗ್ಗಿ ನುಚ್ಚುನೂರಾಯಿತು. ಜೋನ್ಸ್ ಬದುಕುಳಿದ. ಮೂರನೆಯ ಕಾರಿನಲ್ಲಿ ರೆಪ್ಕೊ ತಂಡ ಇಂಧನ ಚಿಮ್ಮಿಸುವ ಫ್ಯೂಯೆಲ್ ಇಂಜೆಕ್ಷನ್ ಪ್ರಯೋಗಿಸಿತು.

ಸುಮಾರು ಒಂದು ದಶಕ ಕಳೆದು ಇದೇ ಕಂಪನಿ ಫಾರ್ಮುಲಾ ಒನ್‌ಗೆ ಮೂರು ಲೀಟರ್ ಎಂಜಿನ್ ಮಾಡಿತು. ಅದರ ವಿನ್ಯಾಸಕಾರ ಫಿಲ್ ಇರ್ವಿಂಗ್ ಮೇಬ್ಯಾಕ್ ಮೇಲೂ ಕೆಲಸ ಮಾಡಿದ್ದವನು. ಈ ಸಲವೂ ಬುಡಕ್ಕೆ ಬಳಸಿದ್ದು ಬೇರೆಯವರು ಬಿಟ್ಟುಕೊಟ್ಟದ್ದನ್ನೇ: ಅಮೆರಿಕದ ಓಲ್ಡ್ಸ್‌ಮೊಬೈಲ್ ಕಾರಿಗೆ ಮಾಡಿ, ಆಮೇಲೆ ಕೈಬಿಟ್ಟಿದ್ದ ಅಲ್ಯೂಮಿನಿಯಂ ಬ್ಲಾಕ್. ಅದನ್ನು ನೆಚ್ಚಿ ಆಸ್ಟ್ರೇಲಿಯದ ಚಾಲಕ ಜ್ಯಾಕ್ ಬ್ರಬಾಮ್ 1966ರಲ್ಲಿ ತನ್ನದೇ ಹೆಸರಿನ ಕಾರಿನಲ್ಲಿ ವಿಶ್ವ ಚಾಂಪಿಯನ್ ಆದ. ಮರುವರ್ಷ ಬ್ರಬಾಮ್ ಕಾರಿನಲ್ಲೇ ಡೆನಿ ಹಲ್ಮ್‌ ಗೆದ್ದ. ಇದ್ದದ್ದರಲ್ಲೇ ಹೊಂದಿಸಿಕೊಳ್ಳುವುದನ್ನು ಸ್ಥಳೀಯ ಪಂದ್ಯಗಳಲ್ಲಿ ಕಲಿತವರಿಗೆ, ಹೊಸ ಎಂಜಿನ್‌ಗಳಿಗಾಗಿ ಕಾಯುತ್ತಿದ್ದ ಎದುರಾಳಿಗಳಿಗಿಂತ ಮೊದಲೇ ಸಿದ್ಧವಾಗಲು ಆ ಪಾಠವೇ ಸಾಕಾಯಿತು.