ಪಹಣಿಯ ಹೆಸರು, ಗದ್ದೆಯ ಬೆವರು

2020ರಲ್ಲಿ ಕೊರೋನಾ ದಿಗ್ಬಂಧನದಿಂದ ಸಂತೆ ಪೇಟೆಗಳು ಸ್ತಬ್ಧವಾದಾಗ ಸರಕಾರವು ರೈತನನ್ನು ಮರೆಯಲಿಲ್ಲ. ಕೇಂದ್ರವು ‘ಕಿಸಾನ್ ಸಮ್ಮಾನ್’ ಯೋಜನೆಯ 2,000 ರೂಪಾಯಿಗಳ ಕಂತನ್ನು ಏಪ್ರಿಲಿನಲ್ಲಿಯೇ ಖಾತೆಗಳಿಗೆ ಸಲ್ಲಿಸಿತು; ರಾಜ್ಯವು ಮೇ ತಿಂಗಳಲ್ಲಿ ಹೂ ಬೆಳೆದವರಿಗೆ ಹೆಕ್ಟೇರಿಗೆ 25,000, ಮೆಕ್ಕೆಜೋಳ ಬೆಳೆದವರಿಗೆ ತಲಾ 5,000 ರೂಪಾಯಿ ಘೋಷಿಸಿತು.

ಆದರೆ ರೈತನೆಂದರೆ ಯಾರು? ಸಮ್ಮಾನದ ಹಣ ಸಲ್ಲುವುದು ಭೂದಾಖಲೆಯಲ್ಲಿ ಹೆಸರುಳ್ಳವನಿಗೆ. ತುಂಗಭದ್ರೆಯ ಕಾಲುವೆಯ ನೀರಿನಲ್ಲಿ ಬತ್ತ ಬೆಳೆಯುವ ತೆಕ್ಕಲಕೋಟೆಯ ಸೀಮೆಯಲ್ಲಿ ಪರರ ಗದ್ದೆಯನ್ನು ಗುತ್ತಿಗೆ ಹಿಡಿದು ದುಡಿಯುವವರೂ ಉಂಟು. 1974ರ ಭೂಸುಧಾರಣೆಯು ಗೇಣಿಯನ್ನೇ ನಿಷೇಧಿಸಿದ್ದರಿಂದ ಅವರ ಕರಾರು ಬಾಯಿಮಾತಿನದು. ಅಂದು ಗೇಣಿದಾರನನ್ನು ಒಡೆಯನನ್ನಾಗಿಸಿದ ಶಾಸನವೇ ಇಂದು ಗುತ್ತಿಗೆದಾರನನ್ನು ಕಾಗದದಿಂದ ಮರೆಮಾಡಿದೆ.

ಬೀಜ, ಗೊಬ್ಬರ, ಸಾಲ ಅವನದು, ಪರಿಹಾರ ಪಹಣಿಯದು. ಒಡೆಯನ ಹಕ್ಕಿಗೆ ಕುಂದು ಬಾರದಂತೆ ಉಳುವವನ ಹೆಸರನ್ನೂ ಬರೆದುಕೊಳ್ಳುವ ದಾರಿಯನ್ನು ಮುಂದಿನ ವಿಪತ್ತು ಬರುವ ಮುನ್ನವೇ ಕಾಣಬೇಕಾಗಿದೆ.