ಮೊದಲ ಸೈಟು ಕೊಳ್ಳುವ ಮುನ್ನ...

"ಭಾಭಿ, ಇವತ್ತು ಅಡ್ವಾನ್ಸ್ ಕೊಟ್ಟರೆ ಮಾತ್ರ ಈ ರೇಟು. ನಾಳೆ ಬಂದರೆ ನನ್ನನ್ನು ಕೇಳಬೇಡಿ."

ತುಮಕೂರಿನ, ಗುಬ್ಬಿಯ, ಕುಣಿಗಲ್‌ನ ಎಷ್ಟೋ ಮನೆಗಳ ಹೊಸ್ತಿಲಲ್ಲಿ ನಿಂತು ದಲ್ಲಾಳಿಗಳು ಹೇಳುವ ಮಾತಿದು. ಪತಿ ರಿಯಾದ್‌ನಲ್ಲೋ ದಮ್ಮಾಮ್‌ನಲ್ಲೋ ದುಡಿಯುತ್ತಿರುತ್ತಾರೆ. ತಿಂಗಳು ತಿಂಗಳು ಕಳಿಸಿದ್ದರಲ್ಲಿ ಖರ್ಚು ಕಳೆದು ಉಳಿಸಿದ ಹಣ ಬ್ಯಾಂಕಿನಲ್ಲಿದೆ. ಬೀರುವಿನಲ್ಲಿ ಮಹ್ರ್‌ನ ಚಿನ್ನವಿದೆ. ಕೈಯಲ್ಲಿ ಬಣ್ಣಬಣ್ಣದ ಕರಪತ್ರ. ಅದರಲ್ಲಿ ಅಗಲವಾದ ರಸ್ತೆ, ಉದ್ಯಾನ, ಮಸೀದಿಗೆಂದು ಬಿಟ್ಟ ಜಾಗ ಎಲ್ಲವೂ ಇದೆ. ಜಾಗಕ್ಕೆ ಹೋಗಿ ನೋಡಿದರೆ ರಾಗಿ ಹೊಲದಲ್ಲಿ ನೆಟ್ಟ ನಾಲ್ಕು ಕಲ್ಲುಗಳು ಮಾತ್ರ.

ಸಹೋದರಿಯರೇ, ಸೈಟು ಕೊಳ್ಳಬೇಡಿ ಎಂದು ಹೇಳಲು ಈ ಲೇಖನ ಬರೆಯುತ್ತಿಲ್ಲ. ಹಲಾಲ್ ಆದ ಗಳಿಕೆಯನ್ನು ಭೂಮಿಯಲ್ಲಿ ತೊಡಗಿಸುವುದು ಒಳ್ಳೆಯದೇ. ಆದರೆ ಮೊದಲ ಸಲ ಕೊಳ್ಳುವವರು ಕೆಲವು ವಿಷಯಗಳನ್ನು ತಿಳಿದಿರಲೇಬೇಕು.

2019ರ ಜೂನ್ ತಿಂಗಳನ್ನು ನಮ್ಮ ಸಮುದಾಯ ಮರೆಯುವಂತಿಲ್ಲ. ಬೆಂಗಳೂರಿನ ಐಎಂಎ ಸಂಸ್ಥೆ ಕುಸಿಯಿತು. ಅದರ ಮುಖ್ಯಸ್ಥ ದುಬೈಗೆ ಓಡಿಹೋದ. ಜುಲೈಯಲ್ಲಿ ಮರಳಿ ಬಂದಾಗ ದಿಲ್ಲಿಯಲ್ಲಿ ಬಂಧನವಾಯಿತು. ಬಡ್ಡಿಯಿಲ್ಲದ ಹಲಾಲ್ ಲಾಭ ಎಂಬ ಮಾತನ್ನು ನಂಬಿ ಹಣ ಹಾಕಿದ ಸಾವಿರಾರು ಕುಟುಂಬಗಳು ಬೀದಿಯಲ್ಲಿ ನಿಂತವು. ಅವರಲ್ಲಿ ವಿಧವೆಯರಿದ್ದರು, ಮಗಳ ಮದುವೆಗೆ ಹಣ ಕೂಡಿಟ್ಟ ತಾಯಂದಿರಿದ್ದರು. "ನಮ್ಮವನೇ, ಐದು ಹೊತ್ತು ನಮಾಝ್ ಮಾಡುವವನು" ಎಂಬುದೇ ಅವರಿಗೆ ದಾಖಲೆಯಾಗಿತ್ತು. ಆ ಪೆಟ್ಟಿನ ನಂತರ ಹಲವರು ಭೂಮಿಯೇ ಭದ್ರ ಎಂದುಕೊಂಡಿದ್ದಾರೆ. ಆದರೆ ಕಾಗದ ನೋಡದೆ ಕೊಂಡ ಭೂಮಿಯೂ ಅಷ್ಟೇ ಅಪಾಯ.

ಮೊದಲು ಮನೆಯ ಲೆಕ್ಕ

ಸೈಟು ಏಕೆ ಬೇಕು ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಮನೆ ಕಟ್ಟಿ ವಾಸಿಸಲೋ, ಮುಂದೆ ಮಾರಿ ಲಾಭ ಪಡೆಯಲೋ? ವಾಸಕ್ಕಾದರೆ ನೀರು, ಬಸ್ಸು, ಶಾಲೆ, ಮಸೀದಿ ಹತ್ತಿರವಿರಬೇಕು. ಮಾರಾಟಕ್ಕಾದರೆ ತಾಳ್ಮೆ ಬೇಕು. ಭೂಮಿ ಚಿನ್ನದಂತಲ್ಲ. ಬೆಳಿಗ್ಗೆ ಕಷ್ಟ ಬಂದರೆ ಸಂಜೆಯೊಳಗೆ ಮಾರಲಾಗದು. ಆದ್ದರಿಂದ ಆಸ್ಪತ್ರೆಗೆಂದು ಇಟ್ಟ ಹಣ, ಮುಂದಿನ ವರ್ಷದ ಮಕ್ಕಳ ಫೀಸು, ಇವನ್ನು ಮುಟ್ಟಬೇಡಿ.

ಸೈಟಿನ ಬೆಲೆಯಷ್ಟೇ ಖರ್ಚಲ್ಲ. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್ ಇದೆ. ನೋಂದಣಿ ಶುಲ್ಕವನ್ನು 2025ರ ಆಗಸ್ಟ್ 31ರಿಂದ ಶೇ. 1ರಿಂದ ಶೇ. 2ಕ್ಕೆ ಏರಿಸಲಾಗಿದೆ. ಹೀಗೆ 12 ಲಕ್ಷದ ಸೈಟಿಗೆ ಸರಕಾರಕ್ಕೆ ಕಟ್ಟುವುದೇ 90 ಸಾವಿರ ರೂಪಾಯಿಗೆ ಮಿಕ್ಕುತ್ತದೆ. ವಕೀಲರ ಶುಲ್ಕ, ದಲ್ಲಾಳಿ ಕಮಿಷನ್, ಖಾತೆ ಬದಲಾವಣೆ, ಬೇಲಿ ಬೇರೆ.

ಗಾಳಿಮಾತಿಗೆ ಬೆಲೆ ಕೊಡಬೇಡಿ

"ಫ್ಯಾಕ್ಟರಿ ಬರುತ್ತೆ, ರೈಲು ಬರುತ್ತೆ, ಮೆಟ್ರೋ ಬರುತ್ತೆ." ಈ ಮೂರು ಮಾತಿನಿಂದಲೇ ನಮ್ಮ ಜಿಲ್ಲೆಯಲ್ಲಿ ಎಷ್ಟೋ ಸೈಟುಗಳು ಮಾರಾಟವಾಗಿವೆ. ಕೆಲವು ನಿಜವೂ ಆಗಿವೆ. ಗುಬ್ಬಿ ತಾಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಬಂದಿದೆ. ಆದರೆ ಶಿಲಾನ್ಯಾಸ ಆದದ್ದು 2016ರ ಜನವರಿಯಲ್ಲಿ, ಉದ್ಘಾಟನೆ 2023ರ ಫೆಬ್ರವರಿಯಲ್ಲಿ. ನಡುವೆ ಏಳು ವರ್ಷ. ಕುಣಿಗಲ್ ಮೂಲಕ ಹಾಸನಕ್ಕೆ ಹೋಗುವ ರೈಲು ಮಾರ್ಗ 1990ರ ದಶಕದಲ್ಲಿ ಮಂಜೂರಾಗಿ, ಬೆಂಗಳೂರಿನಿಂದ ಹಾಸನದವರೆಗೆ ರೈಲು ಓಡಿದ್ದು 2017ರಲ್ಲಿ. ಶಿಲಾನ್ಯಾಸದ ದಿನ ಸಾಲ ಮಾಡಿ ಸೈಟು ಕೊಂಡವರು ಅಷ್ಟು ವರ್ಷ ಕಾಯಬೇಕಾಯಿತು. ತುಮಕೂರಿನ ವಸಂತನರಸಾಪುರದಲ್ಲಿ ದೊಡ್ಡ ಕೈಗಾರಿಕಾ ಪ್ರದೇಶ ಇರುವುದೂ ನಿಜ. ಹಾಗೆಂದು ಸುತ್ತಲಿನ ಪ್ರತಿ ಹೊಲಕ್ಕೂ ಬಂಗಾರದ ಬೆಲೆ ಬರುವುದಿಲ್ಲ. ಹೊಸ ರೈಲು ಮಾರ್ಗ, ಹೆದ್ದಾರಿ ಎಂದರೆ ಭೂಸ್ವಾಧೀನವೂ ಉಂಟು. ನೀವು ಕೊಳ್ಳುವ ಸರ್ವೆ ನಂಬರಿಗೆ ನೋಟಿಸು ಬಂದಿದೆಯೇ ಎಂದು ವಿಚಾರಿಸಿ.

ಜಾಗವನ್ನು ಕಣ್ಣಾರೆ ನೋಡಿ. ಒಮ್ಮೆ ಬೇಸಿಗೆಯಲ್ಲಿ, ಸಾಧ್ಯವಾದರೆ ಒಮ್ಮೆ ಮಳೆ ಬಿದ್ದ ಮರುದಿನ. ಪಕ್ಕದ ಹೊಲದವರನ್ನು, ಹತ್ತಿರದ ಅಂಗಡಿಯವರನ್ನು ಮಾತಾಡಿಸಿ. ಜಮೀನಿನ ಜಗಳ ಕೋರ್ಟಿನಲ್ಲಿದ್ದರೆ ಊರಿಗೇ ಗೊತ್ತಿರುತ್ತದೆ, ದಲ್ಲಾಳಿ ಮಾತ್ರ ಹೇಳುವುದಿಲ್ಲ. ಸರಕಾರದ 'ದಿಶಾಂಕ್' ಆ್ಯಪ್ ಮೊಬೈಲಿಗೆ ಹಾಕಿಕೊಂಡು ಜಾಗದಲ್ಲೇ ನಿಂತು ತೆರೆದರೆ ಅಲ್ಲಿನ ಸರ್ವೆ ನಂಬರ್ ಕಾಣುತ್ತದೆ. ಕೆರೆ ಅಂಗಳ, ಹಳ್ಳ, ಗೋಮಾಳ, ಖರಾಬು ಜಾಗವಾಗಿದ್ದರೆ ಅಲ್ಲಿಂದಲೇ ಹಿಂತಿರುಗಿ.

ನೋಡಲೇಬೇಕಾದ ಕಾಗದಗಳು

ರಿಜಿಸ್ಟರ್ ಆದರೆ ಎಲ್ಲ ಸರಿಯಾಯಿತು ಎಂದು ಬಹಳ ಮಂದಿ ತಿಳಿದಿದ್ದಾರೆ. ಇದು ತಪ್ಪು. ಮಾರುವವನಿಗೆ ಹಕ್ಕೇ ಇಲ್ಲದಿದ್ದರೆ ರಿಜಿಸ್ಟರ್ ಮಾಡಿಸಿದ ಮಾತ್ರಕ್ಕೆ ನಿಮಗೆ ಹಕ್ಕು ಬರುವುದಿಲ್ಲ. ಆದ್ದರಿಂದ ಈ ಕಾಗದಗಳನ್ನು ಕೇಳಿ ಪಡೆಯಿರಿ:

1. ಮೂಲ ಪತ್ರಗಳು. ಮಾರುವವರಿಗೆ ಆಸ್ತಿ ಯಾರಿಂದ, ಹೇಗೆ ಬಂತು ಎಂಬುದರ ಸರಪಳಿ. ನಡುವೆ ಒಂದು ಕೊಂಡಿಯೂ ತಪ್ಪಬಾರದು. ಜೆರಾಕ್ಸ್ ಮಾತ್ರ ತೋರಿಸಿ, ಮೂಲ ಪತ್ರ ಎಲ್ಲೋ ಇದೆ ಎಂದರೆ ಅದು ಸಾಲಕ್ಕೆ ಅಡವಾಗಿರಬಹುದು.

2. ಇ.ಸಿ., ಅಂದರೆ ಋಣಭಾರ ಪ್ರಮಾಣಪತ್ರ. ಕಡಿಮೆಯೆಂದರೂ 30 ವರ್ಷದ್ದು ಬೇಕು. 2004ರ ನಂತರದ್ದು ಕಾವೇರಿ ಆನ್‌ಲೈನ್‌ನಲ್ಲಿ ಸಿಗುತ್ತದೆ. ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಅರ್ಜಿ ಕೊಡಬೇಕು.

3. ಪಹಣಿ ಮತ್ತು ಮ್ಯುಟೇಶನ್. ಪಹಣಿಯಲ್ಲಿ ಸರಕಾರದಿಂದ ಮಂಜೂರಾದ ಜಮೀನು ಎಂದಿದ್ದರೆ ಎಚ್ಚರ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಭೂಮಿಯನ್ನು ಸರಕಾರದ ಅನುಮತಿಯಿಲ್ಲದೆ ಕೊಳ್ಳುವುದನ್ನು 1978ರ ಕಾಯ್ದೆ ನಿಷೇಧಿಸಿದೆ. ಎಷ್ಟೋ ವರ್ಷದ ನಂತರವೂ ಅದು ಮೂಲ ಕುಟುಂಬಕ್ಕೆ ಮರಳಬಹುದು. ಬಡವರ ಭೂಮಿ ಅವರಿಗೇ ಉಳಿಯಲಿ ಎಂಬುದು ನ್ಯಾಯವೇ.

4. ಭೂಪರಿವರ್ತನೆ ಆದೇಶ ಮತ್ತು ಬಡಾವಣೆ ನಕ್ಷೆ. ಕೃಷಿ ಭೂಮಿ ವಸತಿಗೆ ಪರಿವರ್ತನೆಯಾಗಿ, ತುಮಕೂರು ನಗರದ ಸುತ್ತಲಾದರೆ ನಗರಾಭಿವೃದ್ಧಿ ಪ್ರಾಧಿಕಾರ ಅಂದರೆ ಟೂಡಾದಿಂದ, ಬೇರೆಡೆ ಅಲ್ಲಿನ ಯೋಜನಾ ಪ್ರಾಧಿಕಾರದಿಂದ ನಕ್ಷೆಗೆ ಅನುಮೋದನೆ ಆಗಿರಬೇಕು. ಪರಿವರ್ತನೆ ಆಗಿದೆ ಎಂದರೆ ಬಡಾವಣೆ ಮಂಜೂರಾಗಿದೆ ಎಂದರ್ಥವಲ್ಲ. ಎರಡೂ ಬೇಕು.

5. ಇ-ಖಾತೆ. ತುಮಕೂರಿನಲ್ಲಿ ಮಹಾನಗರ ಪಾಲಿಕೆ, ಕುಣಿಗಲ್‌ನಲ್ಲಿ ಪುರಸಭೆ, ಗುಬ್ಬಿಯಲ್ಲಿ ಪಟ್ಟಣ ಪಂಚಾಯಿತಿ ಇದನ್ನು ಕೊಡುತ್ತವೆ. ಹಳ್ಳಿಗಳಲ್ಲಿ ಇ-ಸ್ವತ್ತಿನ ನಮೂನೆ 9 ಮತ್ತು 11 ಇರಬೇಕು. ಬಿ ಖಾತೆ ತೆರಿಗೆ ವಸೂಲಿಯ ದಾಖಲೆಯೇ ಹೊರತು ಬಡಾವಣೆ ಸಕ್ರಮವಾಯಿತು ಎಂಬ ಒಪ್ಪಿಗೆಯಲ್ಲ.

6. ರೇರಾ ನೋಂದಣಿ. 500 ಚದರ ಮೀಟರಿಗಿಂತ ದೊಡ್ಡ ಬಡಾವಣೆಯ ಸೈಟು ಮಾರುವವರು 2016ರ ರೇರಾ ಕಾಯ್ದೆಯಂತೆ ನೋಂದಾಯಿಸಿರಬೇಕು. ಕರಪತ್ರದಲ್ಲಿ ರೇರಾ ನಂಬರ್ ಇಲ್ಲದಿದ್ದರೆ ಏಕಿಲ್ಲ ಎಂದು ಕೇಳಿ.

"ಜಿಪಿಎ ಮಾಡಿಕೊಡುತ್ತೇವೆ, ಅದೇ ಸಾಕು" ಎನ್ನುವವರನ್ನು ನಂಬಬೇಡಿ. ಜಿಪಿಎ ಮೂಲಕ ಒಡೆತನ ಬದಲಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ತೀರ್ಪು ನೀಡಿದೆ. ಇವೆಲ್ಲ ಕಾಗದಗಳನ್ನು ಒಬ್ಬ ಸಿವಿಲ್ ವಕೀಲರಿಗೆ ತೋರಿಸಿ. ಅವರು ಮಾರುವವರ ವಕೀಲರಾಗಿರಬಾರದು. ಆ ಶುಲ್ಕ ಉಳಿಸಲು ಹೋಗಿ ಸೈಟನ್ನೇ ಕಳೆದುಕೊಂಡವರಿದ್ದಾರೆ.

ಸಹೋದರಿಯ ಪಾಲು ಎಲ್ಲಿದೆ?

ಇದು ನಮ್ಮ ಮನೆಗಳಲ್ಲಿ ಯಾರೂ ಮಾತಾಡದ ವಿಷಯ. ತಂದೆ ತೀರಿಕೊಂಡಿರುತ್ತಾರೆ. ಹಿರಿಯ ಮಗನ ಹೆಸರಿಗೆ ಪೌತಿ ಖಾತೆಯಾಗಿರುತ್ತದೆ. ಅವನು ಜಮೀನು ಮಾರುತ್ತಾನೆ. ನೀವು ಕೊಳ್ಳುತ್ತೀರಿ. ಕೆಲವು ವರ್ಷದ ನಂತರ ಅವನ ತಂಗಿ ಕೋರ್ಟಿಗೆ ಹೋಗುತ್ತಾಳೆ.

ತಪ್ಪು ಆಕೆಯದಲ್ಲ. ತಂದೆ ತಾಯಿ ಬಿಟ್ಟುಹೋದ ಆಸ್ತಿಯಲ್ಲಿ, ಅದು ಅಲ್ಪವಿರಲಿ ಅಧಿಕವಿರಲಿ, ಸ್ತ್ರೀಯರಿಗೂ ಪಾಲಿದೆ ಎಂದು ಪವಿತ್ರ ಕುರ್‌ಆನ್‌ನ ಅನ್ನಿಸಾ ಅಧ್ಯಾಯ ಸ್ಪಷ್ಟಪಡಿಸಿದೆ. ಮಗಳು, ಪತ್ನಿ, ತಾಯಿ ಎಲ್ಲರಿಗೂ ಅಲ್ಲಾಹನು ಪಾಲು ನಿಗದಿಪಡಿಸಿದ್ದಾನೆ. ಪಹಣಿಯಲ್ಲಿ ಒಬ್ಬನ ಹೆಸರಿದ್ದ ಮಾತ್ರಕ್ಕೆ ಉಳಿದವರ ಹಕ್ಕು ಅಳಿಯುವುದಿಲ್ಲ. ಆದ್ದರಿಂದ ಪಿತ್ರಾರ್ಜಿತ ಆಸ್ತಿ ಕೊಳ್ಳುವಾಗ ವಂಶವೃಕ್ಷ ಕೇಳಿ. ಮದುವೆಯಾಗಿ ದೂರ ಹೋದ ಹೆಣ್ಣುಮಕ್ಕಳ ಹೆಸರು ಅದರಲ್ಲಿ ಇದೆಯೇ ನೋಡಿ. ಎಲ್ಲ ವಾರಸುದಾರರೂ ಕ್ರಯಪತ್ರಕ್ಕೆ ಸಹಿ ಮಾಡಲಿ. ಅವರಿಗೆ ಅವರ ಹಣ ಸೇರಿತೇ ಎಂದು ಕೇಳಿದರೆ ಅಧಿಕಪ್ರಸಂಗವಾಗದು. ಅನ್ಯರ ಒಂದು ಗೇಣು ಭೂಮಿಯನ್ನು ಅನ್ಯಾಯವಾಗಿ ಪಡೆದವನಿಗೆ ಪರಲೋಕದಲ್ಲಿ ಕಾದಿರುವ ಶಿಕ್ಷೆಯ ಬಗ್ಗೆ ಪ್ರವಾದಿ(ಸ) ಎಚ್ಚರಿಸಿದ್ದಾರೆ. ಒಬ್ಬ ಸಹೋದರಿಯ ಕಣ್ಣೀರು ಬಿದ್ದ ಜಾಗದಲ್ಲಿ ನಮ್ಮ ಮನೆ ಏಳುವುದು ಬೇಡ.

ಹಾಗೆಯೇ ಅದು ವಕ್ಫ್ ಆಸ್ತಿಯಲ್ಲ ಎಂಬುದನ್ನೂ ಖಾತ್ರಿಪಡಿಸಿಕೊಳ್ಳಿ. ಅಲ್ಲಾಹನ ಹೆಸರಿಗೆ ಬಿಟ್ಟದ್ದು ಮಾರಾಟದ ವಸ್ತುವಲ್ಲ.

ಯಾರ ಹೆಸರಿಗೆ?

ಪತಿ ವಿದೇಶದಲ್ಲಿದ್ದರೆ ಒಂದು ವಿಷಯ ನೆನಪಿಡಿ. ಅನಿವಾಸಿ ಭಾರತೀಯರು ವಸತಿ ಸೈಟು, ಮನೆ ಕೊಳ್ಳಬಹುದು. ಆದರೆ ಕೃಷಿ ಭೂಮಿ, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಭೂಸುಧಾರಣಾ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿಯಿಂದ ಕರ್ನಾಟಕದಲ್ಲಿ ಕೃಷಿಕರಲ್ಲದವರೂ ಹೊಲ ಕೊಳ್ಳಬಹುದಾಗಿದೆ. ಆದರೆ ಆ ರಿಯಾಯಿತಿ ಅನಿವಾಸಿಗಳಿಗೆ ಅನ್ವಯಿಸದು. ಅವರು ಕಳುಹಿಸುವ ಅಧಿಕಾರ ಪತ್ರ ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿದ್ದಾಗಿರಬೇಕು. ಭಾರತಕ್ಕೆ ತಲುಪಿದ ಮೂರು ತಿಂಗಳೊಳಗೆ ಅದಕ್ಕೆ ಮುದ್ರಾಂಕ ಶುಲ್ಕ ಕಟ್ಟಬೇಕು.

ಪತಿಯ ಲೆಕ್ಕವಿರುವ ಗಳಿಕೆಯಿಂದ ಪತ್ನಿಯ ಹೆಸರಿನಲ್ಲಿ ಕೊಂಡರೆ ಅದು ಬೇನಾಮಿಯಾಗುವುದಿಲ್ಲ. ಆದರೆ ನಿಮ್ಮ ಮಹ್ರ್‌ನ ಚಿನ್ನ ಮಾರಿ ಕೊಳ್ಳುವುದಾದರೆ, ಸೈಟು ನಿಮ್ಮ ಹೆಸರಿನಲ್ಲೇ ಇರಲಿ. ಕನಿಷ್ಠ ಜಂಟಿಯಾಗಿರಲಿ. ಮಹ್ರ್ ನಿಮ್ಮ ಸ್ವಂತ ಸೊತ್ತು. ಇದನ್ನು ಕೇಳುವುದು ಪತಿಯ ಮೇಲಿನ ಅಪನಂಬಿಕೆಯಲ್ಲ. ಸಾಲದ ವ್ಯವಹಾರವನ್ನು ಬರೆದಿಡಿ, ಸಾಕ್ಷಿಗಳನ್ನು ಇರಿಸಿ ಎಂದು ಅಲ್‌ಬಕರ ಅಧ್ಯಾಯದಲ್ಲಿ ವಿವರವಾದ ಆದೇಶವಿದೆ. ಬರೆದಿಡುವುದು ಸಂಬಂಧವನ್ನು ಕೆಡಿಸುವುದಿಲ್ಲ, ಕಾಪಾಡುತ್ತದೆ.

ಹಣ ಕೊಡುವಾಗ

ಮುಂಗಡವನ್ನು ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯ ಮೂಲಕವೇ ಕೊಡಿ. ಸ್ಥಿರಾಸ್ತಿಗೆ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2015ರಿಂದ ತಡೆದಿದೆ. ಪತ್ರದಲ್ಲಿ ಕಡಿಮೆ ಬೆಲೆ ತೋರಿಸಿ ಉಳಿದದ್ದನ್ನು ಕೈಯಲ್ಲಿ ಕೊಡುವ ಪದ್ಧತಿಯೂ ಇದೆ. ಅದು ಸುಳ್ಳು. ನಾಳೆ ವ್ಯವಹಾರ ಮುರಿದರೆ ಪತ್ರದಲ್ಲಿ ಬರೆದಷ್ಟನ್ನು ಮಾತ್ರ ಕೇಳಬಲ್ಲಿರಿ.

ಬಡ್ಡಿ ಸಾಲ ತೆಗೆದು ಸೈಟು ಕೊಳ್ಳುವ ಆತುರ ಬೇಡ. ಮಾರುವವರೇ ಕಂತಿನಲ್ಲಿ ಕೊಡಲು ಒಪ್ಪಿದರೆ ಒಟ್ಟು ಬೆಲೆಯನ್ನು ಮೊದಲೇ ನಿಗದಿಪಡಿಸಿ. ಕಂತು ತಡವಾದರೆ ಬಡ್ಡಿ ಸೇರುವ ಷರತ್ತು ಕರಾರಿನಲ್ಲಿ ಇರಬಾರದು. ದೊಡ್ಡ ಸೈಟಿಗೆ ಶಕ್ತಿಯಿಲ್ಲದಿದ್ದರೆ ಚಿಕ್ಕದು ಕೊಳ್ಳಿ, ಇಲ್ಲವೇ ಎರಡು ವರ್ಷ ಕಾಯಿರಿ.

ಝಕಾತ್ ಮರೆಯಬೇಡಿ. ಮನೆ ಕಟ್ಟಿ ವಾಸಿಸಲು ಇಟ್ಟ ಸೈಟಿಗೆ ಝಕಾತ್ ಇಲ್ಲ. ಮಾರಿ ಲಾಭ ಗಳಿಸುವ ಉದ್ದೇಶದಿಂದಲೇ ಕೊಂಡಿದ್ದರೆ ಹೆಚ್ಚಿನ ವಿದ್ವಾಂಸರ ಪ್ರಕಾರ ಪ್ರತಿ ವರ್ಷ ಅದರ ಮಾರುಕಟ್ಟೆ ಬೆಲೆಯ ಶೇ. 2.5 ಕೊಡಬೇಕು. ನಿಮ್ಮ ಉದ್ದೇಶವೇನೆಂದು ಕೊಳ್ಳುವಾಗಲೇ ಮನಸ್ಸಿನಲ್ಲಿ ಸ್ಪಷ್ಟಪಡಿಸಿಕೊಳ್ಳಿ.

ಕೊಂಡ ಮೇಲೆ ಸುಮ್ಮನಿರಬೇಡಿ. ಖಾತೆ ನಿಮ್ಮ ಹೆಸರಿಗೆ ಆಗಲಿ, ವರ್ಷವರ್ಷ ಕಂದಾಯ ಕಟ್ಟಿ, ಬೇಲಿ ಹಾಕಿ, ಆಗಾಗ ಹೋಗಿ ನೋಡಿ. ಕಾಗದಗಳು ಎಲ್ಲಿವೆ ಎಂದು ಮನೆಯಲ್ಲಿ ಇಬ್ಬರಿಗಾದರೂ ತಿಳಿದಿರಲಿ.

ನಾಳೆ ಆ ದಲ್ಲಾಳಿ ಮತ್ತೆ ಬಾಗಿಲಿಗೆ ಬಂದು "ಭಾಭಿ, ಇವತ್ತೇ ಕೊನೆ" ಎಂದರೆ, "ಭಾಯ್, ಕಾಗದ ಕೊಟ್ಟು ಹೋಗಿ, ವಕೀಲರಿಗೆ ತೋರಿಸಿ ಹೇಳುತ್ತೇನೆ" ಎನ್ನಿ. ಒಳ್ಳೆಯ ಸೈಟಾಗಿದ್ದರೆ ಅವನು ಕಾಗದ ಕೊಡುತ್ತಾನೆ. ಕೊಡದೆ ಹೋದರೆ ನಿಮ್ಮ ಹಣ ಉಳಿಯಿತು ಎಂದು ಅಲ್ಲಾಹನನ್ನು ಸ್ತುತಿಸಿ.