ಮೌನ ಮುರಿಯುವ ಮೊದಲ ಆಟ

ಕೊಳ್ಳೇಗಾಲದಿಂದ ಮಧುವನಹಳ್ಳಿ ದಾಟಿ, ಹನೂರಿನ ಮೂಲಕ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ರಸ್ತೆಯಲ್ಲಿ ಶಿವರಾತ್ರಿ, ಯುಗಾದಿ, ದೀಪಾವಳಿ ಬಂತೆಂದರೆ ಪಾದಯಾತ್ರಿಗಳ ಸಾಲು. ಬೆಳಿಗ್ಗೆ ಒಬ್ಬರಿಗೊಬ್ಬರು ಗುರುತಿಲ್ಲದವರು ಸಂಜೆಯ ಹೊತ್ತಿಗೆ ಬುತ್ತಿ ಹಂಚಿಕೊಂಡು ಉಣ್ಣುತ್ತಾರೆ. ಅವರನ್ನು ಯಾರೂ ಸಾಲಾಗಿ ಕೂರಿಸಿ ಪರಿಚಯ ಮಾಡಿಸಿರುವುದಿಲ್ಲ. ಒಂದೇ ದಾರಿ, ಒಂದೇ ದಣಿವು. ಮಾತು ತಾನಾಗಿ ಹುಟ್ಟುತ್ತದೆ.

ಇದೇ ದಾರಿಯ ಊರುಗಳಲ್ಲಿ ಬೆಳೆದು, ಕೊಳ್ಳೇಗಾಲದಲ್ಲೋ ಮೈಸೂರಿನಲ್ಲೋ ಪದವಿ ಮುಗಿಸಿ, ಬೆಂಗಳೂರಿನ ಕಚೇರಿಗೆ ಮೊದಲ ದಿನ ಕಾಲಿಡುವ ಮಕ್ಕಳ ಪಾಡು ಬೇರೆ. ಹೊಸಬರನ್ನೆಲ್ಲ ವೃತ್ತಾಕಾರವಾಗಿ ಕೂರಿಸಿ, ‘ಒಬ್ಬೊಬ್ಬರಾಗಿ ಎದ್ದು ನಿಮ್ಮ ಬಗ್ಗೆ ಹೇಳಿ’ ಎಂದಾಗ ಊರಿನಲ್ಲಿ ಪಟಪಟನೆ ಮಾತಾಡುವ ಹುಡುಗಿಯ ನಾಲಿಗೆಯೂ ಒಣಗುತ್ತದೆ. ಹೆಸರು ಹೇಳಿ ಕುಳಿತುಬಿಡುತ್ತಾಳೆ. ಅಂದಿನಿಂದ ಅವಳಿಗೆ ‘ಮಾತೇ ಆಡದವಳು’ ಎಂಬ ಹಣೆಪಟ್ಟಿ. 2020ರ ಕೊರೋನಾ ಕಾಲದ ನಂತರ ಇನ್ನೊಂದು ಬಗೆಯ ಮೊದಲ ಭೇಟಿಯೂ ಸೇರಿಕೊಂಡಿತು. ಮನೆಯಿಂದಲೇ ಕೆಲಸಕ್ಕೆ ಸೇರಿ, ತಿಂಗಳುಗಟ್ಟಲೆ ಪರದೆಯ ಮೇಲಷ್ಟೇ ಕಂಡವರು ಎದುರಾಬದುರಾದಾಗ ಏನು ಮಾತಾಡಬೇಕೆಂದು ತಿಳಿಯದೆ ನಿಂತದ್ದುಂಟು.

ಈ ಬಿಗುಪನ್ನು ಸಡಿಲಿಸುವ ಆಟಗಳಿಗೆ ಕಚೇರಿಗಳಲ್ಲಿ, ತರಬೇತಿಗಳಲ್ಲಿ ‘ಐಸ್ ಬ್ರೇಕರ್’ ಎನ್ನುತ್ತಾರೆ. ಹೆಪ್ಪುಗಟ್ಟಿದ ಸಮುದ್ರದಲ್ಲಿ ಮಂಜುಗಡ್ಡೆ ಒಡೆದು ದಾರಿ ಮಾಡುವ ಹಡಗಿನ ಹೆಸರು ಅದು. ಹೆಸರು ಹೊಸದಾದರೂ ಇದರ ಗುಟ್ಟು ನಮ್ಮ ಹಳ್ಳಿಗಳಿಗೆ ಹೊಸದಲ್ಲ.

ಸರದಿಯ ಭಯ

ಸಾಲಾಗಿ ಎದ್ದು ಪರಿಚಯ ಹೇಳುವ ಪದ್ಧತಿ ಏಕೆ ಸೋಲುತ್ತದೆ? 1973ರಲ್ಲಿ ಮಾಲ್ಕಮ್ ಬ್ರೆನ್ನರ್ ಎಂಬ ಸಂಶೋಧಕ ಪ್ರಕಟಿಸಿದ ಪ್ರಯೋಗದಲ್ಲಿ ಇದಕ್ಕೊಂದು ಉತ್ತರವಿದೆ. ಗುಂಪಿನಲ್ಲಿ ಕುಳಿತವರು ಸರದಿಯಂತೆ ಪದಗಳನ್ನು ಓದಿ ಹೇಳಿದರು. ಆಮೇಲೆ ಯಾರ್‍ಯಾರು ಏನು ಹೇಳಿದರೆಂದು ಕೇಳಿದಾಗ, ತಮ್ಮ ಸರದಿಗೆ ತುಸು ಮುಂಚೆ ಹೇಳಿದ್ದೇ ಅವರ ನೆನಪಿನಲ್ಲಿ ಉಳಿದಿರಲಿಲ್ಲ! ಸರದಿ ಹತ್ತಿರ ಬರುತ್ತಿದ್ದಂತೆ ಮನಸ್ಸೆಲ್ಲ ತಾನು ಹೇಳಬೇಕಾದುದರ ಕಡೆಗೇ. ಇಪ್ಪತ್ತು ಮಂದಿ ಹೆಸರು ಹೇಳಿ ಕುಳಿತ ಮೇಲೂ ಪಕ್ಕದವರ ಹೆಸರು ನೆನಪಾಗದಿದ್ದರೆ ಅದು ದಡ್ಡತನವಲ್ಲ, ಏರ್ಪಾಟಿನ ದೋಷ. ವಿದ್ಯಾರ್ಥಿಗಳು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಭಯ ನಿಮ್ಮೊಬ್ಬರದಲ್ಲ, ಆ ವೃತ್ತದಲ್ಲಿ ಕುಳಿತ ಬಹುಮಂದಿಯದು.

ಕೂಡಿ ಎಳೆದ ಹಗ್ಗ

ಹಾಗಾದರೆ ಜನ ಹತ್ತಿರವಾಗುವುದು ಹೇಗೆ? 1954ರ ಬೇಸಿಗೆಯಲ್ಲಿ ಅಮೆರಿಕದ ಒಕ್ಲಹೋಮಾ ರಾಜ್ಯದಲ್ಲಿ ಮುಜಾಫರ್ ಶೆರಿಫ್ ಎಂಬ ಮನೋವಿಜ್ಞಾನಿ 22 ಬಾಲಕರ ಶಿಬಿರ ನಡೆಸಿದರು. ಎರಡು ಗುಂಪು ಮಾಡಿ ಸ್ಪರ್ಧೆಗೆ ಇಳಿಸಿದಾಗ ಜಗಳ ಹೊತ್ತಿಕೊಂಡಿತು. ರಾಜಿ ಮಾಡಿಸಲು ಒಟ್ಟಿಗೆ ಊಟಕ್ಕೆ ಕೂರಿಸಿದರೆ ಹುಡುಗರು ಒಬ್ಬರ ಮೇಲೊಬ್ಬರು ಅನ್ನಾಹಾರ ಎಸೆದಾಡಿದರು! ಕೊನೆಗೆ ಕೆಲಸ ಮಾಡಿದ್ದು ಇಬ್ಬರಿಗೂ ಬಂದ ಕಷ್ಟ. ಶಿಬಿರಕ್ಕೆ ನೀರು ನಿಂತಾಗ ಎರಡೂ ಗುಂಪು ಸೇರಿ ಕಾರಣ ಹುಡುಕಿದವು. ಊಟ ತರಬೇಕಾದ ಲಾರಿ ಕೆಟ್ಟು ನಿಂತಾಗ, ಹಗ್ಗಜಗ್ಗಾಟದಲ್ಲಿ ಎದುರುಬದುರಾಗಿ ಎಳೆದಿದ್ದ ಹಗ್ಗವನ್ನೇ ಕಟ್ಟಿ ಎಲ್ಲರೂ ಕೂಡಿ ಎಳೆದರು. ಬರೀ ಒಟ್ಟಿಗೆ ಕೂರುವುದರಿಂದ ಆಗದ್ದು ಒಟ್ಟಿಗೆ ದುಡಿದಾಗ ಆಯಿತು.

ನಮ್ಮಲ್ಲೇ ಇದಕ್ಕೆ ನಿದರ್ಶನ ಬೇಕೆ? ಚುನಾವಣೆ ಬಂದಾಗ ನೋಡಿ. ಶಾಲೆಯ ಮೇಷ್ಟ್ರು, ಬೇರೆ ಇಲಾಖೆಯ ಗುಮಾಸ್ತರು, ಇನ್ನೊಂದು ಊರಿನ ನೌಕರರು ಒಂದೇ ಮತಗಟ್ಟೆಯ ಸಿಬ್ಬಂದಿಯಾಗುತ್ತಾರೆ. ಮಸ್ಟರಿಂಗ್ ಕೇಂದ್ರದಲ್ಲಿ ಸಾಮಗ್ರಿ ಎಣಿಸಿಕೊಂಡು, ಒಂದೇ ವಾಹನ ಹತ್ತಿ, ರಾತ್ರಿ ಶಾಲೆಯ ಕೊಠಡಿಯಲ್ಲಿ ತಂಗಿ, ಬೆಳಗಿನ ಜಾವ ಎದ್ದು ಕನಿಷ್ಠ 50 ಮತಗಳ ಅಣಕು ಮತದಾನ ನಡೆಸುವಷ್ಟರಲ್ಲಿ ಅಪರಿಚಿತರು ಒಂದು ತಂಡವಾಗಿರುತ್ತಾರೆ.

ವಿದ್ಯಾರ್ಥಿಗಳಿಗೆ ಇಂಥ ಅನುಭವ ಸುಲಭವಾಗಿ ಸಿಗುವುದು ರಾಷ್ಟ್ರೀಯ ಸೇವಾ ಯೋಜನೆಯಲ್ಲಿ. ಗಾಂಧೀಜಿ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾದ ಯೋಜನೆ ಇದು. ಇದರ ಏಳು ದಿನಗಳ ವಿಶೇಷ ಶಿಬಿರದಲ್ಲಿ ಬೇರೆಬೇರೆ ತರಗತಿಯವರು ಹಳ್ಳಿಯೊಂದರಲ್ಲಿ ಬೀಡುಬಿಡುತ್ತಾರೆ. ಬೆಳಿಗ್ಗೆ ಗುದ್ದಲಿ ಹಿಡಿದು ಚರಂಡಿ ತೆಗೆದವರಿಗೆ ರಾತ್ರಿ ಹಾಡು, ನಾಟಕಕ್ಕೆ ಸಂಕೋಚ ಉಳಿದಿರುವುದಿಲ್ಲ.

ಆಡಿ ನೋಡಬಹುದಾದ ಆಟಗಳು

ಕಚೇರಿಯಲ್ಲಿ ಚರಂಡಿ ತೆಗೆಯಲಾದೀತೇ? ಅಲ್ಲಿ ಆ ಕೆಲಸವನ್ನು ಆಟ ಮಾಡುತ್ತದೆ. ಅಮೆರಿಕದ ಶಿಕಾಗೋ ನಗರದಲ್ಲಿ ವಲಸಿಗರ ಮಕ್ಕಳೊಡನೆ ದುಡಿದ ವಯೋಲಾ ಸ್ಪೋಲಿನ್ ಎಂಬಾಕೆ ಆಟಗಳ ಮೂಲಕವೇ ನಟನೆ ಕಲಿಸುವ ಕ್ರಮವನ್ನು ರೂಪಿಸಿ, 1963ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಗಮನ ಆಟದ ಮೇಲೆ ನೆಟ್ಟಾಗ ‘ನನ್ನನ್ನು ಯಾರು ನೋಡುತ್ತಿದ್ದಾರೋ’ ಎಂಬ ಅಳುಕು ಕರಗುತ್ತದೆ ಎಂಬುದು ಅದರ ತಿರುಳು. ಕಾಲೇಜಿನ ಮೊದಲ ದಿನಕ್ಕೂ ಕಚೇರಿಗೂ ಹೊಂದುವ ಕೆಲವು ಆಟಗಳು ಇಲ್ಲಿವೆ.

ಕೆರೆ–ದಡ: ನೆಲದ ಮೇಲೆ ದೊಡ್ಡ ವೃತ್ತ ಬರೆಯಿರಿ. ಒಳಗೆ ಕೆರೆ, ಹೊರಗೆ ದಡ. ಕೂಗಿದಂತೆ ಎಲ್ಲರೂ ಹಾರಬೇಕು. ತಪ್ಪಿದವರನ್ನು ಹೊರಗೆ ಕಳಿಸಬೇಡಿ. ಅವರು ತಮ್ಮ ಹೆಸರು ಹೇಳಿ ಮುಂದಿನ ಕೂಗು ಕೂಗಲಿ. ತಪ್ಪಿದವರಿಗೆ ಅವಮಾನವಲ್ಲ, ಮುಂದಾಳತ್ವ!

ಮಾತಿಲ್ಲದ ಸಾಲು: ಹುಟ್ಟಿದ ತಿಂಗಳ ಪ್ರಕಾರ ಬಾಯಿ ಬಿಡದೆ, ಬರೀ ಕೈಸನ್ನೆಯಲ್ಲಿ ಸಾಲು ನಿಲ್ಲಬೇಕು. ಇಂಗ್ಲಿಷ್ ಬಲ್ಲವರೂ ಬಾರದವರೂ ಇಲ್ಲಿ ಸರಿಸಮಾನರು.

ಜೋಡಿ ಪರಿಚಯ: ಇಬ್ಬಿಬ್ಬರು ಐದು ನಿಮಿಷ ಮಾತಾಡಿ, ಆಮೇಲೆ ಒಬ್ಬರನ್ನೊಬ್ಬರು ಸಭೆಗೆ ಪರಿಚಯಿಸಬೇಕು. ಇನ್ನೊಬ್ಬರ ಬಗ್ಗೆ ಹೇಳಬೇಕಾದ್ದರಿಂದ ಕಿವಿಗೊಡಲೇಬೇಕು. ಹೊಗಳಿಕೊಳ್ಳುವ ಮುಜುಗರವೂ ಇಲ್ಲ.

ನೂಲಿನ ಬಲೆ: ರೇಷ್ಮೆಗೆ ಹೆಸರಾದ ಕೊಳ್ಳೇಗಾಲದವರಿಗೆ ನೂಲು ಹೊಸದೇ? ಒಂದು ಉಂಡೆ ದಾರ ತನ್ನಿ. ಹೆಸರು ಮತ್ತು ತನಗೆ ಬರುವ ಒಂದು ಕೆಲಸ (ರೊಟ್ಟಿ ತಟ್ಟುವುದು, ಸೈಕಲ್ ರಿಪೇರಿ, ಏನಾದರೂ ಆದೀತು) ಹೇಳಿ, ಎಳೆಯ ತುದಿ ಹಿಡಿದುಕೊಂಡು ಉಂಡೆಯನ್ನು ಇನ್ನೊಬ್ಬರಿಗೆ ಎಸೆಯಬೇಕು. ಕೊನೆಗೆ ಎಲ್ಲರ ನಡುವೆ ಬಲೆ ಮೂಡುತ್ತದೆ. ಉಂಡೆ ಬಂದ ದಾರಿಯಲ್ಲೇ ಹೆಸರು ಕೂಗುತ್ತ ಹಿಂದಕ್ಕೆ ಸುತ್ತಿ.

ಮೂರು ಹೋಲಿಕೆ: ನಾಲ್ವರ ಗುಂಪು ಹತ್ತು ನಿಮಿಷದಲ್ಲಿ ತಮ್ಮೆಲ್ಲರಿಗೂ ಸಮಾನವಾದ ಮೂರು ಸಂಗತಿ ಹುಡುಕಬೇಕು. ಪರದೆಯ ಮೇಲಷ್ಟೇ ಪರಿಚಯವಿದ್ದವರಿಗೆ ಇದು ಚೆನ್ನಾಗಿ ಒಪ್ಪುತ್ತದೆ.

ಆಟದ ಕ್ರಮವೂ ಮುಖ್ಯ. ಮೊದಲು ಮೈ ಕುಣಿಯಲಿ, ಆಮೇಲೆ ಇಬ್ಬಿಬ್ಬರ ಮಾತು, ಕೊನೆಗೆ ಸಭೆಯ ಮಾತು. 1997ರಲ್ಲಿ ಪ್ರಕಟವಾದ ಆರ್ಥರ್ ಆರನ್ ಅವರ ಪ್ರಸಿದ್ಧ ಪ್ರಯೋಗದಲ್ಲಿ ಅಪರಿಚಿತ ಜೋಡಿಗಳಿಗೆ 36 ಪ್ರಶ್ನೆಗಳನ್ನು ಕೊಟ್ಟಿದ್ದರು. ಅವು ಹಗುರವಾಗಿ ಶುರುವಾಗಿ ಹಂತಹಂತವಾಗಿ ಆಳಕ್ಕೆ ಇಳಿಯುತ್ತಿದ್ದವು. ಸುಮಾರು 45 ನಿಮಿಷದಲ್ಲಿ ಆ ಜೋಡಿಗಳು, ಸುಮ್ಮನೆ ಹರಟಿದ ಜೋಡಿಗಳಿಗಿಂತ ಹೆಚ್ಚು ಆಪ್ತರಾಗಿದ್ದರು.

ಕೇಳಬಾರದ ಪ್ರಶ್ನೆ

ಆಟ ಆಡಿಸುವವರು ಒಂದು ಎಚ್ಚರ ವಹಿಸಲೇಬೇಕು. ನಮ್ಮಲ್ಲಿ ‘ಯಾವೂರಪ್ಪ, ಯಾರ ಮಗ?’ ಎಂದು ಶುರುವಾದ ಪರಿಚಯ ಎರಡು ಪ್ರಶ್ನೆಗಳಲ್ಲಿ ಜಾತಿಗೆ ಬಂದು ನಿಲ್ಲುತ್ತದೆ. ಕೇಳಿದವರಿಗೆ ಅದು ಸಹಜ ಕುತೂಹಲ. ಉತ್ತರ ಹೇಳಬೇಕಾದ ಹುಡುಗನಿಗೆ ಎದೆಬಡಿತ. ತಂದೆಯ ಉದ್ಯೋಗ, ಪರೀಕ್ಷೆಯ ಅಂಕ, ಮದುವೆ, ಮಾಂಸ ತಿನ್ನುತ್ತೀರಾ ಎಂಬುದು—ಇವೆಲ್ಲ ಮೊದಲ ದಿನದ ಪ್ರಶ್ನೆಗಳಲ್ಲ. ‘ನಿಮ್ಮ ಬಾಲ್ಯದ ಪ್ರವಾಸದ ಬಗ್ಗೆ ಹೇಳಿ’ ಎಂದರೂ ಪ್ರವಾಸವನ್ನೇ ಕಾಣದ ಮನೆಯ ಮಗು ತಲೆ ತಗ್ಗಿಸೀತು. ಅದರ ಬದಲು ‘ನಿಮಗೇನು ಬರುತ್ತದೆ?’ ಎಂದು ಕೇಳಿ. ಅದಕ್ಕೆ ಎಲ್ಲರಲ್ಲೂ ಉತ್ತರವಿದೆ. ಹುಡುಗ ಹುಡುಗಿಯರು ಸೇರಿರುವಲ್ಲಿ ಕೈ ಹಿಡಿಯುವ ಆಟ ಬೇಡವಾದರೆ ಹಗ್ಗವೋ ಟವೆಲೋ ಹಿಡಿಯಲಿ. ಆಡಲು ಇಷ್ಟವಿಲ್ಲದವರಿಗೆ ಅಂಕ ಬರೆಯುವ ಕೆಲಸ ಕೊಡಿ, ಬಲವಂತ ಸಲ್ಲದು.

ತಂದೆತಾಯಿಗಳಿಗೆ ಎರಡು ಮಾತು

‘ಶಿಬಿರಕ್ಕೆ ಹೋದರೆ ಓದು ಕೆಡುತ್ತದೆ’ ಎಂದು ಮಕ್ಕಳನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು, ಮನೆಯಲ್ಲೇ ಉಳಿಸಿಕೊಳ್ಳುವವರು ಯೋಚಿಸಬೇಕು. ಅಂಕಪಟ್ಟಿ ಕೆಲಸದ ಬಾಗಿಲವರೆಗೆ ಕರೆದೊಯ್ದೀತು; ಒಳಗೆ ಹತ್ತು ಜನರೊಡನೆ ಬೆರೆತು ದುಡಿಯುವುದನ್ನು ಅದು ಕಲಿಸದು. ಮನೆಗೆ ನೆಂಟರು ಬಂದಾಗ ‘ಒಳಗೆ ಹೋಗಿ ಓದಿಕೊ’ ಎನ್ನುವ ಬದಲು ನೀರು ಕೊಟ್ಟು ನಾಲ್ಕು ಮಾತಾಡಲು ಬಿಡಿ. ತನ್ನ ಬಗ್ಗೆ ಒಂದು ನಿಮಿಷ, ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಹೇಳುವುದನ್ನು ಮಗು ಮನೆಯಲ್ಲೇ ಅಭ್ಯಾಸ ಮಾಡಲಿ.

ವಿದ್ಯಾರ್ಥಿಗಳೇ, ಮೊದಲ ದಿನ ನಾಲಿಗೆ ತಡವರಿಸಿದರೆ ಅಂಜಬೇಡಿ. ಎದ್ದು ನಿಂತು ಭಾಷಣ ಮಾಡಬೇಕಾಗಿಲ್ಲ. ಪಕ್ಕದಲ್ಲಿ ಕುಳಿತವರೂ ಅಷ್ಟೇ ಅಂಜಿಕೊಂಡಿರಬಹುದು. ಅವರ ಕಡೆ ತಿರುಗಿ ಹೆಸರು ಕೇಳಿ, ಕೇಳಿದ ಹೆಸರನ್ನು ನೆನಪಿಟ್ಟುಕೊಂಡು ಮಧ್ಯಾಹ್ನ ಊಟಕ್ಕೆ ಕರೆಯಿರಿ. ಅಷ್ಟು ಸಾಕು.